ನಿಂತ ನೀರಿನ ಗೆರೆ

ಬೊಂಬಾಯಿ
12 ಅಕ್ಟೋಬರ್ 1965

ಗೆಳೆಯ ದೊಡ್ಡಬೀರಪ್ಪ,

ಮೊದಲು ಸಿಹಿ ಸುದ್ದಿ. ನಿನ್ನ ತಮ್ಮ ಸಣ್ಣಬೀರಪ್ಪನ ಕೆಲಸ ಕಾಯಂ ಆಯಿತೆಂದು ಪಡುಗೋಡು ಬಂದರು ಕಚೇರಿಯಿಂದ ಕಾಗದ ಬಂದಿದೆ. ನಾನು ಶಿಫಾರಸು ಮಾಡಿದ್ದು ಒಂದೇ ಮಾತಿನಲ್ಲಿ: ಪಂಚನಹಳ್ಳಿ ಕೆರೆಯ ನೀರಗಂಟಿ, ತೂಬು ಎತ್ತಿ ಇಳಿಸಿ ನೀರಿನ ಮಟ್ಟ ನೋಡಿಕೊಂಡೇ ಬೆಳೆದವನು, ಅಂಕಿ ಬರೆಯಬಲ್ಲ. ಈ ಮಳೆಗಾಲ ಪೂರ್ತಿ ಬಂಡೆಯ ಮೇಲೆ ನಿಂತು, ಸಮುದ್ರದಲ್ಲಿ ನೆಟ್ಟ ಅಳತೆ ಕೋಲು ನೋಡಿ ಅಲೆಯ ಎತ್ತರ ಬರೆದಿದ್ದಾನೆ. ನಾಲ್ಕು ತಿಂಗಳು, ಹಗಲೆಲ್ಲ ಗಂಟೆಗೊಂದು ಅಂಕಿ. ಒಂದು ಗಂಟೆಯೂ ತಪ್ಪಿಲ್ಲ.

ನನ್ನ ಕೆಲಸ ಏನೆಂದು ಕೇಳಿದ್ದೆಯಲ್ಲ. ಪಡುಗೋಡಿನಲ್ಲಿ ಹಡಗು ಬಂದು ನಿಲ್ಲಲು ಹದಿನಾಲ್ಕು ಕಂಬಗಳ ಜೆಟ್ಟಿ ಕಟ್ಟುತ್ತಾರೆ. ಅಲೆ ಬಂದು ಗುದ್ದಿದರೆ ಆ ಕಂಬ ತಡೆಯುತ್ತದೆಯೇ ಎಂದು ಮೊದಲೇ ತಿಳಿಯಬೇಕು. ಹಿಂದೆಲ್ಲ ನೀರಿನ ತೊಟ್ಟಿಯಲ್ಲಿ ಆಟಿಕೆ ಕಂಬ ನಿಲ್ಲಿಸಿ ನೋಡುತ್ತಿದ್ದರು. ಈಗ ಇಲ್ಲಿ ಕಂಪ್ಯೂಟರ್ ಬಂದಿದೆ. ಅಲೆಯ ಎತ್ತರ, ಒಂದು ಅಲೆಗೂ ಇನ್ನೊಂದಕ್ಕೂ ನಡುವಿನ ಸೆಕೆಂಡು, ನೀರಿನ ಆಳ, ಕಂಬದ ದಪ್ಪ, ಇಷ್ಟನ್ನು ಕಾರ್ಡಿನಲ್ಲಿ ತೂತು ಹೊಡೆದು ಕೊಟ್ಟರೆ, ಆ ಮಿಷನ್ ಒಂದು ಸಮುದ್ರವನ್ನೇ ಲೆಕ್ಕದಲ್ಲಿ ಕಟ್ಟಿ ಕಂಬಕ್ಕೆ ಎಷ್ಟು ಪೆಟ್ಟು ಬೀಳುತ್ತದೆಂದು ಹೇಳುತ್ತದೆ. ಅದರ ಮುಂದೆ ಕೂರಲು ದೊಡ್ಡ ದೊಡ್ಡವರ ಸರದಿಯಿದೆ. ನನಗೂ ಒಂದು ಗಂಟೆ ಸಿಕ್ಕಿದೆ.

ಕಡೂರು ಹೈಸ್ಕೂಲಿನ ಕೊನೆಯ ಬೆಂಚಿನವನು ಸಮುದ್ರ ಕಟ್ಟುತ್ತಿದ್ದಾನೆ, ನಗಬೇಡ.

ನಿನ್ನ
ದೇವೀರಪ್ಪ

•

ಪಂಚನಹಳ್ಳಿ
2 ನವೆಂಬರ್ 1965

ದೇವೀರಪ್ಪ,

ಬದುಕಿದ್ದೇವೆ. ಗೇಣಿದಾರರ ಸಂಘದ ಕೆಲಸ ಅಂತ ಕಡೂರು, ತರೀಕೆರೆ, ಅಜ್ಜಂಪುರ ಸುತ್ತಿ ನನ್ನ ಅರ್ಧ ಆಯುಷ್ಯ ಬಸ್ಸಿನಲ್ಲೇ ಮುಗಿಯುತ್ತಿದೆ. ಹೋದ ವಾರ ಅಜ್ಜಂಪುರದಲ್ಲಿ ನಿಮ್ಮಪ್ಪ ಬಸವರಾಜಪ್ಪನವರು ಅಂಗಡಿಯಿಂದಲೇ ಕೂಗಿದರು. "ಏನಪ್ಪಾ ದೊಡ್ಡಬೀರ, ಇವತ್ತು ಕೆಂಪು ಬಾವುಟ ಕಾಣ್ತಿಲ್ಲ?" "ನಿಮ್ ಮಗನಿಗೆ ಕಳ್ಸೀನಿ ಸ್ವಾಮಿ, ಸಮುದ್ರದಲ್ಲಿ ಒಗೆದು ಕೊಡ್ತಾನಂತೆ" ಅಂದೆ. ಮುಖ ತಿರುಗಿಸಿ ಅಕ್ಕಿ ಅಳೆಯತೊಡಗಿದರು.

ತಮ್ಮ ದೀಪಾವಳಿಗೆ ಬಂದಿದ್ದ. ಖಾಕಿ ಅಂಗಿ, ಜೇಬಿನಲ್ಲಿ ಪೆನ್ಸಿಲ್ಲು. ನಮ್ಮವ್ವ ಹುಲಿಗೆಮ್ಮ ಅವನನ್ನು ಕೂರಿಸಿಕೊಂಡು ವಿಚಾರಣೆ ಮಾಡಿದಳು.

"ಸಮುದ್ರ ಅಂದ್ರೆ ಎಷ್ಟು ದೊಡ್ಡದೋ?"

"ನಮ್ ಕೆರೆ ಐತಲ್ಲವ್ವ, ಅದರ ಆಚೆ ದಡ ಅಳಿಸಿಬಿಡು. ಅಷ್ಟು."

"ತೂಬು ಎಲ್ಲೈತೆ?"

"ಅದಕ್ಕೆ ತೂಬಿಲ್ಲ ಕಣವ್ವ."

"ತೂಬಿಲ್ಲದ ನೀರು ತಗೊಂಡು ಯಾರು ಏನ್ ಮಾಡ್ತಾರೆ? ಸುಮ್ನೆ ಬಂದ್ಬಿಡು ಊರಿಗೆ."

ನಾನು ಕೇಳಿದೆ, ಒಂದು ಗಳಿಗೆ ಸುಮ್ಮನಿರದ ನೀರನ್ನು ಹೆಂಗೋ ಅಳೀತೀಯ ಅಂತ. ಅವನಿಗೆ ಅದೇ ಬೇಕಾಗಿತ್ತು. "ಕೆರೇಲಿ ಹೆಂಗೋ ಹಂಗೇ ಕಣಣ್ಣ. ನೀರು ಸುಮ್ನಿದ್ರೆ ಎಲ್ಲಿಗೆ ನಿಲ್ತದೆ ಅಂತ ಮೊದ್ಲು ಗೆರೆ ಹಿಡೀಬೇಕು. ಅಲ್ಲಿಂದ ಮ್ಯಾಲಕ್ಕೆ ಎಷ್ಟು ಏರ್ತು, ಅಷ್ಟು ಬರಿ. ಉಬ್ಬರ ಇಳಿತ ಅಂತ ಆ ಗೆರೆನೂ ಜರುಗ್ತಾ ಇರ್ತದೆ, ಅದನ್ನೂ ಬಿಡಲ್ಲ ನಾನು. ಓವರ್ಸಿಯರ್ ಪುಸ್ತಕ ಕೈಗಿಟ್ಟು, ಅಲೆ ಎಷ್ಟು ಹೈಟು ಬರಿ ಅಂದ, ಹೋದ. ಹೆಂಗೆ ಅಂತ ಒಬ್ನೂ ಹೇಳ್ಕೊಡ್ಲಿಲ್ಲ. ನಾನೇ ಕಂಡ್ಕೊಂಡೆ."

ನೋಡಿದೆಯಾ? ಬರೆದಿಟ್ಟುಕೋ. ನಿಮ್ಮ ಬೊಂಬಾಯಿಯ ಮಿಷನ್ ನಡೆಯುವುದು ಪಂಚನಹಳ್ಳಿಯ ಕುರುಬರ ಹುಡುಗನ ಕಣ್ಣಿನ ಮೇಲೆ. ಅವನ ಹೆಸರು ನಿಮ್ಮ ರಿಪೋರ್ಟಿನಲ್ಲಿ ಬರುತ್ತದೆಯೋ?

ದೊಡ್ಡಬೀರಪ್ಪ

•

ಬೊಂಬಾಯಿ
9 ಡಿಸೆಂಬರ್ 1965

ಗೆಳೆಯ ದೊಡ್ಡಬೀರಪ್ಪ,

ತಡವಾಯಿತು, ಕೆಲಸದ ಒತ್ತಡ. ರಿಪೋರ್ಟು ಹೋಯಿತು. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ, ಅದು ಪದ್ಧತಿ.

ಒಂದು ಸಣ್ಣ ವಿಷಯ. ಸಣ್ಣಬೀರಪ್ಪ ಅಲೆಯನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆದ ಎಂದು ಅವನನ್ನು ಇನ್ನೊಮ್ಮೆ ಸ್ಪಷ್ಟವಾಗಿ ಕೇಳಿ ತಿಳಿಸುತ್ತೀಯಾ? ನಾಲ್ಕೂ ತಿಂಗಳು ಒಂದೇ ರೀತಿ ಅಳೆದನೇ? ಅಂಥ ಅವಸರವೇನೂ ಇಲ್ಲ.

ದೇವೀರಪ್ಪ

•

ಪಂಚನಹಳ್ಳಿ
28 ಡಿಸೆಂಬರ್ 1965

ದೇವೀರಪ್ಪನವರಿಗೆ,

ಹೌದು, "ಅವರಿಗೆ". ಇನ್ನು ಮೇಲೆ ಹಾಗೇ ಬರೆಯುತ್ತೇನೆ.

ನಾಲ್ಕು ತಿಂಗಳು ಮಳೆಯಲ್ಲಿ ನೆಂದು ಬರೆದವನನ್ನು ಕರೆದು, ಸರಿಯಾಗಿ ಬರೆದೆಯೇನೋ ಅಂತ ಕೇಳಬೇಕೇ? ಅದನ್ನು ಅವನ ಅಣ್ಣನ ಬಾಯಲ್ಲೇ ಕೇಳಿಸಬೇಕೇ? ನಿಮ್ಮ ರಿಪೋರ್ಟಿನಲ್ಲಿ ಹೆಸರು ಹಾಕುವಾಗ ಯಾರೂ ಇಲ್ಲ, ಅನುಮಾನ ಬಂದಾಗ ಮಾತ್ರ ನಮ್ಮವನು ನೆನಪಾದ. ಈ ಅಳತೆ ಯಾವುದೋ ಇಂಜಿನಿಯರನ ಮಗ ಬರೆದಿದ್ದರೆ ಹೀಗೆ ಕೇಳುತ್ತಿದ್ದಿರಾ?

ಹೈಸ್ಕೂಲಿನಲ್ಲಿ ನಿಮಗೆ ಮಠದ ಹಾಸ್ಟೆಲಿನಲ್ಲಿ ಎಲೆ ಹಾಕುತ್ತಿದ್ದರು. ನಾನು ಹೊರಗೆ ಜಗಲಿಯಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ನೀವೂ ಎಲೆ ಬಿಟ್ಟೆದ್ದು ಬಂದು ನನ್ನ ಪಕ್ಕ ಕೂತ ದಿನ ನೀವು ಬೇರೆ ಥರದವರು ಅಂದುಕೊಂಡಿದ್ದೆ. ಬೊಂಬಾಯಿ ನಿಮ್ಮನ್ನು ಸರಿಮಾಡಿದೆ.

ನಾನು ಕೇಳುವುದಿಲ್ಲ. ಬೇಕಾದರೆ ನೀವೇ ಕೇಳಿಕೊಳ್ಳಿ.

ದೊಡ್ಡಬೀರಪ್ಪ

•

ಬೊಂಬಾಯಿ
20 ಜನವರಿ 1966

ದೊಡ್ಡಬೀರಪ್ಪ,

ಬೈದದ್ದು ಸಾಲದು, ಇನ್ನೂ ಬೈಯಿ. ಆದರೆ ಇದನ್ನು ಪೂರ್ತಿ ಓದು.

ನಿನ್ನ ತಮ್ಮ ಕಳ್ಳ ಲೆಕ್ಕ ಬರೆದನೆಂದು ನಾನು ಹೇಳುತ್ತಿಲ್ಲ. ಅವನು ಕೆರೆಯವರ ಹಾಗೆ ಅಳೆದಿದ್ದಾನೆ. ಕೆರೆಯಲ್ಲಿ ಅದೇ ಸರಿ. ಏರಿ ಒಡೆಯುವುದು ಮೇಲೇರಿದ ನೀರಿನಿಂದ, ಅಲೆಯ ಕೆಳಗಿನ ತಗ್ಗನ್ನು ಕಟ್ಟಿಕೊಂಡು ಯಾರಿಗೇನು? ಸಮುದ್ರದ ಲೆಕ್ಕ ಬೇರೆ. ಇಲ್ಲಿ ಅಲೆಯ ಎತ್ತರ ಎಂದರೆ ತಗ್ಗಿನ ತಳದಿಂದ ತಲೆಯವರೆಗೆ. ಅವನು ನಿಂತ ನೀರಿನ ಗೆರೆಯಿಂದ ಮೇಲಿನದ್ದನ್ನು ಮಾತ್ರ ಬರೆದ. ಅವನ ಏಳೂವರೆ ಅಡಿಯ ಅಲೆ ನಿಜಕ್ಕೆ ಹದಿನೈದು ಅಡಿ.

ಮಿಷನ್ನಿಗೆ ನಾವು ಕೊಟ್ಟದ್ದು ಏಳೂವರೆ. ಎತ್ತರ ಎರಡರಷ್ಟಾದರೆ ಕಂಬಕ್ಕೆ ಬೀಳುವ ಪೆಟ್ಟು ಎರಡರಷ್ಟಲ್ಲ, ಹೆಚ್ಚುಕಡಿಮೆ ನಾಲ್ಕರಷ್ಟು. ಆ ಜೆಟ್ಟಿ ಅದನ್ನು ತಡೆಯುವುದಿಲ್ಲ. ಅಲ್ಲಿ ಆಗಲೇ ಕಂಬ ಇಳಿಸುತ್ತಿದ್ದಾರೆ.

ನಮ್ಮ ಸಾಹೇಬರಿಗೆ ಹೇಳಿದೆ. "ಒಬ್ಬ ನೀರಗಂಟಿ ಹಬ್ಬದ ದಿನ ಮನೆಯಲ್ಲಿ ಕೂತು ಆಡಿದ ಮಾತಿಗೆ ರಿಪೋರ್ಟು ವಾಪಸು ತರಲೇ?" ಎಂದರು. ಮಿಷನ್ನಿನ ಗಂಟೆಗಳೆಲ್ಲ ಬೇರೆಯವರಿಗೆ ಹಂಚಿಹೋಗಿವೆ. ಅವನ ಬಾಯಿಂದಲೇ, ಅವನ ಸಹಿಯಲ್ಲಿ, ಒಂದು ಹೇಳಿಕೆ ಬೇಕು. ದಯವಿಟ್ಟು.

ದೇವೀರಪ್ಪ

•

ಕಡೂರು
16 ಫೆಬ್ರವರಿ 1966

ದೇವೀರಪ್ಪ,

ಪಡುಗೋಡಿಗೆ ಹೋಗಿದ್ದೆ. ಈಗಷ್ಟೇ ಕಡೂರಿಗೆ ಬಂದಿಳಿದೆ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೇಳಿಕೆ ಇದರ ಜೊತೆಗಿದೆ. ಸಹಿ ಅವನದೇ.

ನೀನು ಬರೆದದ್ದನ್ನು ಅವನಿಗೆ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ಅವನು ಅಲೆಯ ಕಡೆ ತಿರುಗಿದ. ಬೆರಳಿನಲ್ಲಿ ಗಾಳಿಯಲ್ಲೇ ಮೇಲೆ ಕೆಳಗೆ ಗೆರೆ ಎಳೆದ. ಆಮೇಲೆ, "ಎಲ್ಲಾ ಪುಟಾನೂ ಅರ್ಧನಾ ಅಣ್ಣ?" ಅಂದ.

"ಹೇಳ್ಕೊಡದೇ ಇದ್ದೋರ ತಪ್ಪು ಕಣೋ, ನಿಂದಲ್ಲ" ಅಂದೆ.

"ಬರೆದೋನು ನಾನಲ್ವಾ?"

ಆಮೇಲೆ ಅವನು ಊಟ ಮಾಡಲಿಲ್ಲ.

ಬಂದರು ಕಚೇರಿಗೆ ಹೋದೆ. ಇಂಜಿನಿಯರು ಕುರ್ಚಿಯಿಂದ ತಲೆ ಎತ್ತಲಿಲ್ಲ. "ರಿಪೋರ್ಟು ಬೊಂಬಾಯಿಂದ ಬಂದಿದೆ. ಕಂಪ್ಯೂಟರ್ ಹೇಳಿದೆ. ಕಂಪ್ಯೂಟರ್ ಹೇಳಿದ ಮೇಲೆ ನೀನ್ಯಾರಯ್ಯ?"

"ಕಂಪ್ಯೂಟರಿಗೆ ಹೇಳಿದೋನ ಅಣ್ಣ" ಅಂದೆ.

ಜವಾನನನ್ನು ಕರೆದ. ಅಮಲ್ದಾರ್ ಕಚೇರಿಯಿಂದ, ಸಾವ್ಕಾರರ ಜಗಲಿಯಿಂದ ನನ್ನನ್ನು ಎಷ್ಟೋ ಸಲ ಹೊರಗೆ ಹಾಕಿದ್ದಾರೆ. ಅಲ್ಲೆಲ್ಲ ಎದುರಿಗೆ ಮನುಷ್ಯನಿದ್ದ. ಅವನ ಮನೆ ಮುಂದೆ ಧರಣಿ ಕೂರಬಹುದಾಗಿತ್ತು, ಬೆವರು ಇಳಿಸಬಹುದಾಗಿತ್ತು. ನಿಮ್ಮ ಮಿಷನ್ನಿನ ಮುಂದೆ ಯಾರು, ಎಲ್ಲಿ ಧರಣಿ ಕೂರಬೇಕು? ಅದು ನೀನೇ ಹೇಳು.

ಡಿಸೆಂಬರಿನಲ್ಲಿ ಬೈದು ಬರೆದದ್ದಕ್ಕೆ ಮೂರು ವಾರ ಹಾಳಾಯಿತು. ಅದು ನನ್ನ ತಪ್ಪು. ನೀನೂ ಕಾರಣ ಹೇಳದೆ ಕೇಳಿದೆ. ಈಗ ಬೇಗ ಮಾಡಿಸು.

ದೊಡ್ಡಬೀರಪ್ಪ

•

ಬೊಂಬಾಯಿ
30 ಮಾರ್ಚ್ 1966

ಗೆಳೆಯ,

ಕೊನೆಗೂ ಒಂದಿಷ್ಟು ಸಿಕ್ಕಿದೆ. ಸಾಹೇಬರು ಹೇಳಿಕೆ ಓದಿದರು. "ಇದು ಮಾತು, ಅಳತೆಯಲ್ಲ. ಈ ಮಳೆಗಾಲದಲ್ಲಿ ಜೆಟ್ಟಿಯ ತುದಿಯ ಕಂಬಕ್ಕೇ ಕೋಲು ಕಟ್ಟಿ, ತಗ್ಗಿನಿಂದ ತಲೆಯವರೆಗೆ ಸರಿಯಾಗಿ ಅಳೆದು ಕಳಿಸಲಿ. ಆ ಅಂಕಿ ಬಂದರೆ ಮತ್ತೆ ಮಿಷನ್ನಿಗೆ ಹಾಕೋಣ" ಎಂದರು. ಬಂದರು ಕಚೇರಿಗೂ ಹಾಗೇ ಬರೆದಿದ್ದಾರೆ. ಇಷ್ಟಾದರೂ ಒಪ್ಪಿದರಲ್ಲ ಎಂದು ನನಗೆ ಸಮಾಧಾನ.

ಸಣ್ಣಬೀರಪ್ಪನಿಗೆ ತಿಳಿಸು. ಗಾಳಿ ಜೋರಿದ್ದಾಗ ಎಚ್ಚರದಿಂದಿರಲಿ.

ನಿನ್ನ
ದೇವೀರಪ್ಪ

•

ತರೀಕೆರೆ
22 ಮೇ 1966

ದೇವೀರಪ್ಪ,

ಸಂಘದ ಸಭೆಗೆ ಬಂದವನು ಸಭೆಯ ಹಿಂದಿನ ಸಾಲಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮುಂದೆ ಯಾರೋ ಭೂಮಿಯ ಬಗ್ಗೆ ಮಾತಾಡುತ್ತಿದ್ದಾರೆ, ನನ್ನ ಕಿವಿಗೆ ನೀರಿನ ಸದ್ದೇ ಕೇಳುತ್ತದೆ.

ತಮ್ಮನಿಗೆ ನಿನ್ನ ಕಾಗದ ಓದಿ ಹೇಳಿದ್ದೆ. ಹಬ್ಬ ಬಂದವನ ಹಾಗೆ ಕುಣಿದ. ಹೊಸ ಪುಸ್ತಕ ತಂದು ತಾನೇ ಎರಡು ಗೆರೆ ಹಾಕಿಕೊಂಡಿದ್ದಾನೆ, ಒಂದು ತಗ್ಗಿಗೆ, ಇನ್ನೊಂದು ತಲೆಗೆ. ಜೆಟ್ಟಿ ಮುಗಿದಿದೆ. ತುದಿಯಲ್ಲಿ ಅವನಿಗೆ ನಿಲ್ಲಲು ಒಂದು ಹಲಗೆ ಹೊಡೆದುಕೊಟ್ಟಿದ್ದಾರೆ.

ಮೊನ್ನೆ ನಾನೂ ಅವ್ವನೂ ಕರೆಯಲು ಹೋದೆವು. ಮಳೆಗಾಲ ಮುಗಿಯುವ ತನಕ ಊರಲ್ಲಿರು ಅಂದೆವು. "ಕೆರೆ ತುಂಬಿದಾಗ ನಮ್ಮಪ್ಪ ಏರಿ ಬಿಟ್ಟು ಮನೇಗೆ ಬಂದಿದ್ನೇನವ್ವ?" ಅಂದ. ನೀರು ಏರುವಾಗಲೇ ನೀರಗಂಟಿಗೆ ಕೆಲಸ. ಆಗ ಏರಿ ಬಿಟ್ಟು ಹೋದವನ ಮನೆಗೆ ಊರು ಬೆಂಕಿ ಸಹ ಕೊಡುವುದಿಲ್ಲ. ನಮ್ಮಲ್ಲಿ ಹಾಗೇ ನಡೆದು ಬಂದಿದೆ. ನನಗೆ ಬೇರೆಯದನ್ನೇ ಹೇಳಿದ: "ತಪ್ಪು ನಾನು ಬರೆದಿದ್ದು. ತಿದ್ದೋನೂ ನಾನೇ ಆಗ್ಬೇಕು. ಆಮ್ಯಾಲೆ ಬತ್ತೀನಿ ಬಿಡಣ್ಣ."

ಒಂದೇ ಪ್ರಶ್ನೆ. ಜೆಟ್ಟಿ ನಿಲ್ಲುತ್ತದೋ ಇಲ್ಲವೋ ಎಂದು ನಿಮ್ಮ ಸಾಹೇಬನಿಗೆ ತಿಳಿಯಲು ನನ್ನ ತಮ್ಮ ಅದೇ ಜೆಟ್ಟಿಯ ತುದಿಯಲ್ಲಿ ನಿಲ್ಲಬೇಕೇ? ಹೌದು ಅಥವಾ ಇಲ್ಲ. ಅಷ್ಟು ಬರಿ. ಇಲ್ಲ ಅಂದರೆ ಕೈಕಾಲು ಕಟ್ಟಿಯಾದರೂ ಕರೆತರುತ್ತೇನೆ.

ದೊಡ್ಡಬೀರಪ್ಪ

•

ಬೊಂಬಾಯಿ
11 ಜೂನ್ 1966

ದೊಡ್ಡಬೀರಪ್ಪ,

ಇಲ್ಲ.

ನಿಲ್ಲಬಾರದು. ಕರೆಸು. ಅವ್ವನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳು, ಏನಾದರೂ ಹೇಳು. ಅಳತೆ ಬೇಡ.

ಎರಡು ವಾರ ಉತ್ತರ ಬರೆಯಲಿಲ್ಲ. ಅಳತೆ ಬಂದರೆ ರಿಪೋರ್ಟು ತಿದ್ದಬಹುದೆಂಬ ಆಸೆ ಇತ್ತು. ಯಾಕೆ ಎಂದು ಕೇಳಬೇಡ.

ದೇವೀರಪ್ಪ

•

ಪಂಚನಹಳ್ಳಿ
3 ಜುಲೈ 1966

ದೇವೀರಪ್ಪ,

ನಿನ್ನ "ಇಲ್ಲ" ಜೂನ್ ಹದಿನೆಂಟನೇ ತಾರೀಕು ಶನಿವಾರ ಬಂತು. ಜೆಟ್ಟಿ ಹೋದದ್ದು ಅದರ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ.

ನೋಡಿದವರು ಹೇಳಿದ್ದನ್ನು ಬರೆಯುತ್ತೇನೆ. ಬೆಳಿಗ್ಗೆಯಿಂದ ಗಾಳಿ. ಕೂಲಿಗಳನ್ನೆಲ್ಲ ದಡಕ್ಕೆ ಕರೆದುಕೊಂಡರು. ಇವನು ಹೋಗಿ ತುದಿಯಲ್ಲಿ ನಿಂತ. ಓವರ್ಸಿಯರ್ ದಡದಿಂದ ಎರಡು ಸಲ ಕೂಗಿದನಂತೆ, ಮೂರನೇ ಸಲ ಕೂಗಲಿಲ್ಲವಂತೆ. ಇವನು ಒಂದೊಂದು ಅಂಕಿ ಬರೆದು ಕೈ ಎತ್ತಿ ಬೆರಳಲ್ಲಿ ತೋರಿಸುತ್ತಿದ್ದನಂತೆ, ದಡದಲ್ಲಿ ಯಾರಾದರೂ ಇನ್ನೊಂದು ಕಡೆ ಬರೆದುಕೊಳ್ಳಲಿ ಅಂತ. ಯಾರ ಹತ್ತಿರವೂ ಪೆನ್ಸಿಲ್ ಇರಲಿಲ್ಲ. ಎರಡು ಗಂಟೆಗೆ ನಡುವಿನ ಕಂಬಗಳು ಹೋದವು. ತುದಿ ಸ್ವಲ್ಪ ಹೊತ್ತು ಒಂಟಿಯಾಗಿ ನಿಂತಿತ್ತು. ಅವನು ದಡದ ಕಡೆ ತಿರುಗಿ ನಿಂತಿದ್ದನಂತೆ. ಅಷ್ಟೇ.

ಮೂರನೇ ದಿನ ಸಿಕ್ಕಿದ. ಪುಸ್ತಕ ಸಿಗಲಿಲ್ಲ.

ಈಗ ಬಂದರು ಕಚೇರಿ ಏನು ಹೇಳುತ್ತಿದೆ ಕೇಳು. ಅಳತೆಗಾರನ ತಪ್ಪು ಅಂಕಿಯಿಂದ ಸರ್ಕಾರಿ ಆಸ್ತಿಗೆ ನಷ್ಟ ಆಯಿತಂತೆ. ತನ್ನ ತಪ್ಪು ತಿಳಿದಿದ್ದೂ ಅಪಾಯದ ಜಾಗಕ್ಕೆ ಅವನಾಗಿಯೇ ಹೋದನಂತೆ. ಸತ್ತವನ ಮೇಲೆ ಕಾಗದ ಹೊರಿಸುತ್ತಿದ್ದಾರೆ. ಇಂಜಿನಿಯರಿಗೆ ಹೆಸರಿಲ್ಲ, ಸಾಹೇಬನಿಗೆ ಹೆಸರಿಲ್ಲ, ನಿನಗೆ ಹೆಸರಿಲ್ಲ. ಇಡೀ ಫೈಲಿನಲ್ಲಿ ಒಂದೇ ಹೆಸರು, ಸಣ್ಣಬೀರಪ್ಪ ಬಿನ್ ಲೇಟ್ ಕರಿಬೀರಪ್ಪ.

ಆಗಸ್ಟ್ ಎಂಟಕ್ಕೆ ವಿಚಾರಣೆ. ನೀನು ಬಂದು ಎರಡು ಮಾತು ಹೇಳು: ಹೇಗೆ ಅಳೆಯಬೇಕೆಂದು ಯಾರೂ ಅವನಿಗೆ ಹೇಳಿಕೊಡಲಿಲ್ಲ. ತಪ್ಪು ಜನವರಿಯಲ್ಲೇ ಎಲ್ಲರಿಗೂ ತಿಳಿದಿತ್ತು. ಮತ್ತೇನೂ ಬೇಡ. ತಮ್ಮನನ್ನು ಕೇಳುತ್ತಿಲ್ಲ. ಅವನ ಹೆಸರನ್ನು ಕೇಳುತ್ತಿದ್ದೇನೆ.

ದೊಡ್ಡಬೀರಪ್ಪ

•

ಬೊಂಬಾಯಿ
19 ಆಗಸ್ಟ್ 1966

ದೊಡ್ಡಬೀರಪ್ಪ,

ನಾನು ಬರಲಿಲ್ಲ. ಸಂಸ್ಥೆಯವರು ರಜೆ ಕೊಡಲಿಲ್ಲ ಎಂದು ಬರೆಯಲು ಕೂತೆ. ಅದು ನಿಜವೂ ಹೌದು. ಆದರೆ ರಜೆ ಕೊಟ್ಟಿದ್ದರೂ ಬರುತ್ತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ನನ್ನ ಹೇಳಿಕೆಯನ್ನು ಅಂಚೆಯಲ್ಲಿ ಕಳಿಸಿದೆ. ತಡವಾಗಿ ಬಂತು, ವಿಚಾರಣೆ ಮುಗಿದಿದೆ ಎಂದು ವಾಪಸು ಬಂದಿದೆ.

ಬಚ್ಚಿಟ್ಟದ್ದನ್ನು ಹೇಳುತ್ತೇನೆ. ತಪ್ಪು ಜನವರಿಯಲ್ಲಿ ತಿಳಿದದ್ದಲ್ಲ. ದೀಪಾವಳಿಯ ಸುದ್ದಿ ಬರೆದೆಯಲ್ಲ, ಅದು ನನ್ನ ಕೈಗೆ ಬಂದದ್ದು ನವೆಂಬರ್ ಆರಕ್ಕೆ. ಗೆರೆಯಿಂದ ಮೇಲಕ್ಕೆ ಎಂಬ ಮಾತು ಓದಿದ ಕೂಡಲೇ ತಿಳಿಯಿತು. ರಿಪೋರ್ಟಿನ ಕಚೇರಿ ಪ್ರತಿಗೆ ಸಹಿ ಬಿದ್ದದ್ದು ಇಪ್ಪತ್ತಕ್ಕೆ. ಆ ಸಹಿ ನನ್ನದು. ಹದಿನಾಲ್ಕು ದಿನ ಕಾಗದ ನನ್ನ ಜೇಬಿನಲ್ಲೇ ಇತ್ತು. ಮೊದಲ ಕೆಲಸ, ಇನ್ನೂ ಕಾಯಂ ಆಗದ ಪರೀಕ್ಷೆಯ ವರ್ಷ, ಸಿಕ್ಕಿದ ಗಂಟೆ ಬಳಸಿಯಾಗಿತ್ತು, ಇನ್ನೊಂದು ಗಂಟೆ ಕೇಳಲು ಹೆದರಿದೆ. ನನಗೆ ತಪ್ಪಾಗಿ ಅರ್ಥವಾಗಿರಬಹುದು ಎಂದು ನನಗೇ ಹೇಳಿಕೊಂಡೆ. ಆಮೇಲೆ ಬರೆದ ಒಂದೊಂದು ಕಾಗದದಲ್ಲೂ ಆ ಎರಡು ವಾರವನ್ನು ಬಚ್ಚಿಟ್ಟೆ.

ಜುಲೈ ಕೊನೆಗೆ ಲೆಕ್ಕ ಮತ್ತೆ ಹಾಕಿಸಿದರು. ಹೊಸ ಜೆಟ್ಟಿ ಕಟ್ಟಬೇಕಲ್ಲ. ಅವನ ಹಳೆಯ ಅಂಕಿಗಳನ್ನೇ ತೆಗೆದು ಎಲ್ಲವನ್ನೂ ಎರಡರಿಂದ ಗುಣಿಸಿ ಹಾಕಿದೆವು. ಹದಿನಾಲ್ಕರಲ್ಲಿ ಒಂಬತ್ತು ಕಂಬ ಹೋಗುತ್ತವೆ ಎಂದಿತು ಮಿಷನ್. ಯಾವ ಒಂಬತ್ತು ಎಂದೂ ಹೇಳಿತು. ಪಡುಗೋಡಿನಿಂದ ಬಂದ ಪಟ್ಟಿಗೆ ತಾಳೆ ನೋಡಿದೆ. ಅವೇ ಒಂಬತ್ತು. ನಿನ್ನ ತಮ್ಮನ ಕಣ್ಣು ಎಲ್ಲೂ ತಪ್ಪಿರಲಿಲ್ಲ.

ಲೆಕ್ಕ ಮುಗಿಯಲು ಹಿಡಿದದ್ದು ನಾಲ್ಕು ನಿಮಿಷ.

ಹೊಸ ಜೆಟ್ಟಿ ಆ ಅಂಕಿಗಳ ಮೇಲೆ ಏಳುತ್ತದೆ. ಈ ರಿಪೋರ್ಟಿನಲ್ಲಾದರೂ ಇರಲಿ ಎಂದು ಅವನ ಹೆಸರು ಬರೆದೆ. ಸಾಹೇಬರು ಹೊಡೆದು ಹಾಕಿದರು. ನಾನು ಸುಮ್ಮನೆ ಎದ್ದು ಬಂದೆ.

ದೇವೀರಪ್ಪ

•

ಪಂಚನಹಳ್ಳಿ
6 ಸೆಪ್ಟೆಂಬರ್ 1966

ದೇವೀರಪ್ಪ,

ವಿಚಾರಣೆಯ ತೀರ್ಪು ಬಂತು. ತಪ್ಪು ಅವನದೇ ಅಂತ ಬರೆದಿದ್ದಾರೆ. ತಾಲ್ಲೂಕಿನಿಂದ ತಾಲ್ಲೂಕಿಗೆ ಅರ್ಜಿ ಹೊತ್ತೆ, ಸಂಘದ ಮೂವತ್ತು ಜನ ಸಹಿ ಹಾಕಿದರು, ಕಡೂರಿನಲ್ಲಿ ಎರಡು ದಿನ ಕೂತೆವು. ಸಮುದ್ರ ನಮ್ಮ ಜಿಲ್ಲೆಗೆ ಬರುವುದಿಲ್ಲ ಅಂದರು.

ನಿನ್ನನ್ನು ಬೈಯಲು ಮೂರು ದಿನ ಕೂತೆ. ಒಂದೊಂದು ಬೈಗುಳ ಬರೆದಾಗಲೂ ಡಿಸೆಂಬರಿನ ನನ್ನ ಕಾಗದ ಎದುರಿಗೆ ಬಂದು ಕೂರುತ್ತದೆ. ನೀನು ಹೆದರಿ ಸುಮ್ಮನಿದ್ದೆ. ನಾನು ರೋಷದಿಂದ ಕಿವಿ ಮುಚ್ಚಿಕೊಂಡೆ. ಅದಕ್ಕೂ ಇದಕ್ಕೂ ವ್ಯತ್ಯಾಸವಿದೆ, ನಾನು ಅದನ್ನು ಬಿಟ್ಟುಕೊಡುವುದಿಲ್ಲ. ಆದರೂ ಬೈಗುಳ ಮುಂದೆ ಸಾಗಲಿಲ್ಲ.

ನಿನ್ನ ಕಾಗದ ಬಂದಾಗ ಅವ್ವ ರಾಗಿ ಬೀಸುತ್ತಿದ್ದಳು.

"ಏನಂತೋ ಆ ದೇವೀರಪ್ಪಂದು?"

"ಮಿಷನ್ ಲೆಕ್ಕ ಮುಗೀತಂತೆ. ನಮ್ಮೋನ ಅಂಕಿ ಸರಿಯಾಗೇ ಇದ್ವಂತೆ ಅವ್ವ."

ಬೀಸುವುದು ನಿಲ್ಲಿಸಿದಳು. "ಇದನ್ನ ಮೊದ್ಲೇ ನೋಡಾಕೆ ಆಗ್ಲಿಲ್ವಂತಾ? ಅಷ್ಟು ದೊಡ್ಡ ಲೆಕ್ಕನಾ? ಎಷ್ಟು ದಿನ ಹಿಡೀತಂತೆ?"

ಅಮಲ್ದಾರನ ಮುಂದೆ, ಪೊಲೀಸಿನವನ ಲಾಠಿಯ ಮುಂದೆ ನಿಜ ಹೇಳಿದವನು ನಾನು. ನಾಲ್ಕು ನಿಮಿಷ ಅನ್ನುವುದಕ್ಕೆ ನಾಲಿಗೆ ಏಳಲಿಲ್ಲ.

"ಎಂಟು ತಿಂಗ್ಳು ಹಿಡೀತಂತೆ" ಅಂದೆ.

ಅವ್ವ ಒಂದು ಹಿಡಿ ರಾಗಿ ಬೀಸುಕಲ್ಲಿಗೆ ಹಾಕಿದಳು.

"ಹಂಗಾರೆ ಅವರಾದ್ರೂ ಏನ್ ಮಾಡ್ತಾರೆ ಬಿಡು, ಪಾಪ" ಅಂದಳು.

ದೊಡ್ಡಬೀರಪ್ಪ